ಅಪೆಂಡಿಕ್ಸ್ ಗಡ್ಡೆ: ಎಷ್ಟು ತೆಗೆದರೆ ಸಾಕು?

ಅಪೆಂಡಿಕ್ಸ್ ಗಡ್ಡೆ ಹೆಚ್ಚಾಗಿ ಸಿಗುವುದು ಆಪರೇಷನ್ ಮುಗಿದ ಮೇಲೆ. ಹೊಟ್ಟೆನೋವು ಅಂತ ಅಪೆಂಡಿಕ್ಸ್ ತೆಗೆಸಿರುತ್ತಾರೆ. ಕೆಲವು ದಿನ ಬಿಟ್ಟು ಪ್ಯಾಥಾಲಜಿ ವರದಿ ಬರುತ್ತದೆ, ಅದರಲ್ಲಿ ‘ಟ್ಯೂಮರ್’ ಅಂತ ಇರುತ್ತದೆ. ತೆಗೆದಿದ್ದು ಸಾಕಾ, ಇನ್ನೂ ತೆಗೆಯಬೇಕಾ?

ಮೊದಲು ಗಡ್ಡೆಯ ಜಾತಿ ನೋಡಿ. ಎಲ್ಲರ ಕಣ್ಣು ಹೋಗುವುದು ಸೈಜ್ ಕಡೆಗೆ. ಆದರೆ ಜಾತಿ ಗೊತ್ತಿಲ್ಲದೆ ಸೈಜ್‌ನಿಂದ ಏನೂ ತಿಳಿಯುವುದಿಲ್ಲ.

ವರದಿಯಲ್ಲಿ ನ್ಯೂರೋಎಂಡೋಕ್ರೈನ್ ಟ್ಯೂಮರ್ (ಹಾರ್ಮೋನ್ ತಯಾರಿಸುವ ಕೋಶಗಳಿಂದ ಹುಟ್ಟಿದ ಗಡ್ಡೆ) ಅಂತ ಇದ್ದರೆ ಮಾತ್ರ ಸೆಂಟಿಮೀಟರ್ ಲೆಕ್ಕಕ್ಕೆ ಜಾಸ್ತಿ ಬೆಲೆ. 1 ಸೆಂ.ಮೀ.ಗಿಂತ ಚಿಕ್ಕದಿದ್ದು, ಪೂರ್ತಿಯಾಗಿ ಹೊರಬಂದಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. 2 ಸೆಂ.ಮೀ. ದಾಟಿದ್ದರೆ ದೊಡ್ಡ ಕರುಳಿನ ಬಲಭಾಗವನ್ನು ಅದರ ದುಗ್ಧಗ್ರಂಥಿಗಳ (ಲಿಂಫ್ ನೋಡ್, ಗಡ್ಡೆಯ ಕೋಶಗಳು ಹರಡಬಹುದಾದ ಚಿಕ್ಕ ಗಂಟುಗಳು) ಸಮೇತ ತೆಗೆಯುವ ರೈಟ್ ಹೆಮಿಕೊಲೆಕ್ಟಮಿಯನ್ನು ಸೂಚಿಸುತ್ತಾರೆ. ತಲೆನೋವು ಇರುವುದು ಇವೆರಡರ ನಡುವೆ. ಕತ್ತರಿಸಿದ ಅಂಚಿನಲ್ಲಿ ಗಡ್ಡೆಯ ಕೋಶ ಉಳಿದಿದೆಯೇ, ಗಡ್ಡೆ ಅಪೆಂಡಿಕ್ಸ್‌ನ ಬುಡದಲ್ಲಿತ್ತೇ, ಪಕ್ಕದ ಕೊಬ್ಬಿನೊಳಗೆ 3 ಮಿ.ಮೀ.ಗಿಂತ ಆಳಕ್ಕೆ ಹೋಗಿದೆಯೇ, ರಕ್ತನಾಳ ಹೊಕ್ಕಿದೆಯೇ, ಗ್ರೇಡ್ (ಕೋಶಗಳು ಎಷ್ಟು ವೇಗವಾಗಿ ಬೆಳೆಯುತ್ತಿವೆ ಅನ್ನುವ ಅಳತೆ) ಎಷ್ಟು ಅಂತೆಲ್ಲ ಇಲ್ಲಿ ನೋಡುತ್ತಾರೆ. ಹಿಂದೆ ಇವುಗಳಲ್ಲಿ ಒಂದು ಕಂಡರೂ ಎಷ್ಟೋ ಸಲ ಕರುಳಿಗೆ ಕತ್ತರಿ ಬೀಳುತ್ತಿತ್ತು. 2023ರಲ್ಲಿ ಪ್ರಕಟವಾದ ಯುರೋಪಿನ ಒಂದು ದೊಡ್ಡ ಅಧ್ಯಯನ, 1ರಿಂದ 2 ಸೆಂ.ಮೀ. ಗಡ್ಡೆ ಪೂರ್ತಿ ಹೊರಬಂದಿದ್ದರೆ ಎರಡನೇ ಆಪರೇಷನ್ನಿನಿಂದ ಲಾಭ ಕಾಣಲಿಲ್ಲ ಅಂದಿತು. ಹಾಗಾಗಿ ಈ ಗುಂಪಿನವರು ಅವಸರ ಮಾಡದಿರುವುದೇ ಒಳ್ಳೆಯದು.

ಲೋಳೆ ತುಂಬಿದ ಗಡ್ಡೆಯ ಕಥೆಯೇ ಬೇರೆ. ಲೋ ಗ್ರೇಡ್ ಮ್ಯೂಸಿನಸ್ ನಿಯೋಪ್ಲಾಸಂ, ಅಂದರೆ ‘ಲ್ಯಾಮ್ನ್’, ಎಷ್ಟೇ ಊದಿಕೊಂಡಿದ್ದರೂ ದುಗ್ಧಗ್ರಂಥಿಗೆ ಹೋಗುವುದು ತೀರಾ ಅಪರೂಪ. ಆದ್ದರಿಂದ ಒಡೆಯದೆ ಇಡಿಯಾಗಿ ಬಂದರೆ ಅಪೆಂಡಿಕ್ಸ್ ತೆಗೆದರೆ ಸಾಕು. ಬುಡದ ಹತ್ತಿರ ಇದ್ದರೆ ಅದು ಅಂಟಿಕೊಂಡಿರುವ ಸೀಕಂನ (ದೊಡ್ಡ ಕರುಳಿನ ಆರಂಭದ ಭಾಗ) ಒಂದು ಚೂರನ್ನೂ ಸೇರಿಸಿ ತೆಗೆಯುತ್ತಾರೆ. ಇಲ್ಲಿ ನಿಜವಾದ ಭಯ ಒಡೆಯುವುದು. ಲೋಳೆಯ ಜೊತೆ ಕೋಶಗಳು ಹೊಟ್ಟೆಯೊಳಗೆ ಚೆಲ್ಲಿದರೆ, ಅವು ಹೊಟ್ಟೆಯ ಒಳಪೊರೆಗೆ ಅಂಟಿ ವರ್ಷಗಟ್ಟಲೆ ನಿಧಾನವಾಗಿ ಲೋಳೆ ಸುರಿಸುತ್ತವೆ. ಹಾಗೆ ಹರಡಿದಾಗ ಬರೀ ಕರುಳು ಕತ್ತರಿಸಿ ಪ್ರಯೋಜನವಿಲ್ಲ. ಹರಡಿದ್ದನ್ನೆಲ್ಲ ಕೆರೆದು ತೆಗೆದು, ಬಿಸಿ ಮಾಡಿದ ಕೀಮೋ ದ್ರವವನ್ನು ಹೊಟ್ಟೆಯೊಳಗೆ ಹರಿಸುವ ‘ಹೈಪೆಕ್’ ಚಿಕಿತ್ಸೆಯ ಅನುಭವ ಇರುವ ತಂಡ ಬೇಕು.

ಅಡಿನೋಕಾರ್ಸಿನೋಮಾ (ಒಳಪದರದ ಗ್ರಂಥಿಕೋಶಗಳ ಕ್ಯಾನ್ಸರ್) ಅಥವಾ ಅದರದೇ ಒಂದು ಬಗೆಯಾದ ಗಾಬ್ಲೆಟ್ ಸೆಲ್ ಅಡಿನೋಕಾರ್ಸಿನೋಮಾ ಅಂತ ಇದ್ದು, ಬೇರೆಡೆ ಹರಡಿಲ್ಲದಿದ್ದರೆ ಸಾಮಾನ್ಯವಾಗಿ ರೈಟ್ ಹೆಮಿಕೊಲೆಕ್ಟಮಿಯೇ. ಕನಿಷ್ಠ 12 ದುಗ್ಧಗ್ರಂಥಿ ಪರೀಕ್ಷೆಗೆ ಸಿಗಬೇಕು. ಕೀಮೋ ಬೇಕೇ ಅನ್ನುವುದಕ್ಕೂ ಅವುಗಳಲ್ಲಿ ಕ್ಯಾನ್ಸರ್ ಇದೆಯೇ ಅನ್ನುವ ಉತ್ತರ ಬೇಕಾಗುತ್ತದೆ.

ಎರಡನೇ ಆಪರೇಷನ್ನಿಗೆ ಒಪ್ಪುವ ಮುಂಚೆ ಗಡ್ಡೆಯ ಸ್ಲೈಡುಗಳನ್ನು (ಸೂಕ್ಷ್ಮದರ್ಶಕದಲ್ಲಿ ನೋಡುವ ಗಾಜಿನ ಮೇಲಿನ ತೆಳು ಚೂರುಗಳು) ಅಪೆಂಡಿಕ್ಸ್ ಗಡ್ಡೆ ನೋಡಿ ಪಳಗಿದ ಇನ್ನೊಬ್ಬ ಪ್ಯಾಥಾಲಜಿಸ್ಟ್‌ಗೆ ತೋರಿಸಿ. ಇದು ಸುಮ್ನೆ ಹೇಳುವ ಮಾತಲ್ಲ. ಜಾತಿ ಬದಲಾದರೆ ಮೇಲೆ ಹೇಳಿದ ಲೆಕ್ಕವೆಲ್ಲ ಬದಲಾಗುತ್ತದೆ. ಸಿಟಿ ಸ್ಕ್ಯಾನ್, ಕೊಲೊನೋಸ್ಕೋಪಿ ಆಗಿವೆಯೇ ಅಂತಲೂ ಕೇಳಿ. ಯಾಕಂದ್ರೆ ದೊಡ್ಡ ಕರುಳಿನಲ್ಲಿ ಇನ್ನೊಂದು ಗಡ್ಡೆ ಇರಬಹುದು.

ದೊಡ್ಡ ಆಪರೇಷನ್ನಿಗೂ ಅದರದೇ ಬೆಲೆ ಇದೆ. ಕರುಳು ಜೋಡಿಸಿದ ಜಾಗ ಸೋರಬಹುದು. ಸಣ್ಣ ಕರುಳಿನ ಕೊನೆಯ ತುಂಡೂ ಹೋಗುವುದರಿಂದ ಕೆಲವರಿಗೆ ಭೇದಿ ಬಹಳ ದಿನ ಕಾಡುತ್ತದೆ. ‘ಇನ್ನಷ್ಟು ತೆಗೆದರೆ ನನಗೆ ಆಗುವ ಲಾಭ ಏನು, ತೆಗೆಯದಿದ್ದರೆ ಎಷ್ಟು ದಿನ, ಯಾವ ಸ್ಕ್ಯಾನ್ ಮಾಡಿಸುತ್ತಾ ಇರಬೇಕು’ ಅಂತ ಸರ್ಜನ್ ಹತ್ತಿರ ನೇರವಾಗಿ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.