ಬೆಳಗ್ಗೆ ಆರು ಗಂಟೆಗೆ ಬರ್ತೀನಿ ಅಂದೆ

ಒಳಾಂಗಣದ ಕೆಲಸ ಶುರು ಮಾಡಿದ ಹೊಸತರಲ್ಲಿ ನನ್ನ ಹತ್ತಿರ ನಾಲ್ಕು ಪುಟದ ಪ್ರಶ್ನೆಪಟ್ಟಿ ಇತ್ತು. ಯಾವ ಬಣ್ಣ ಇಷ್ಟ, ಕಬೋರ್ಡ್ ಮೇಲ್ಮೈಗೆ ಲ್ಯಾಮಿನೇಟ್ ಬೇಕಾ ಅಕ್ರಿಲಿಕ್ ಬೇಕಾ, ಬಜೆಟ್ ಎಷ್ಟು ಅಂತೆಲ್ಲ. ಮನೆಯವರು ತುಂಬಿ ಕೊಡುತ್ತಿದ್ದರು, ಫೋನಿನಲ್ಲಿ ಚಿತ್ರ ತೋರಿಸುತ್ತಿದ್ದರು. ನಾನು ಅದೇ ಥರ ಮಾಡಿಸಿ ಕೊಡುತ್ತಿದ್ದೆ.

ಮೈಸೂರಿನಲ್ಲಿ ಒಂದು ಮನೆ ಮುಗಿಸಿ ಆರು ತಿಂಗಳಾಗಿತ್ತು. ಕಬೋರ್ಡ್ ಬಾಗಿಲು ಸಡಿಲವಾಗಿದೆ ಅಂತ ಕರೆದರು, ಹೋದೆ. ಆ ಮನೆಯಾಕೆ ಒಲೆ ಮುಂದೆ ಮರದ ಮಣೆ ಹಾಕಿಕೊಂಡು, ಅದರ ಮೇಲೆ ನಿಂತು ಹುಳಿ ಕದಡುತ್ತಿದ್ದರು. ಅವರ ಅತ್ತೆ ಹಿತ್ತಿಲ ಬಾಗಿಲ ಹತ್ತಿರ, ಬೆಳಕು ಬೀಳುವ ಕಡೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಏಳುವಾಗ ಎರಡು ಸಲ ಗೋಡೆ ಹಿಡಿದರು. "ಕಟ್ಟೆ ಸ್ವಲ್ಪ ಎತ್ತರ ಆಯ್ತು, ಪರವಾಗಿಲ್ಲ ಬಿಡಿ" ಅಂದರು ಮನೆಯಾಕೆ. ಆ "ಪರವಾಗಿಲ್ಲ" ಇವತ್ತಿಗೂ ಚುಚ್ಚುತ್ತೆ. ನಾನು ಎಲ್ಲರಿಗೂ ಮಾಡಿಸುವ ಹಾಗೆ 34 ಇಂಚು ಇಡಿಸಿದ್ದೆ. ಆಕೆ ಐದಡಿಗೂ ಕಮ್ಮಿ. ಅದರ ಮೇಲೆ ಒಲೆಯ ಎತ್ತರ ಬೇರೆ, ಪಾತ್ರೆಯ ಎತ್ತರ ಬೇರೆ.

ಅಲ್ಲಿಂದ ಈಚೆಗೆ ಪ್ರಶ್ನೆಪಟ್ಟಿ ಬಿಟ್ಟೆ. ಈಗಿರುವ ಮನೆಗೇ ಬೆಳಗ್ಗೆ ಆರಕ್ಕೆ ಬರ್ತೀನಿ, ಸುಮ್ನೆ ಒಂದು ಕಡೆ ಕೂತಿರ್ತೀನಿ ಅಂತ ಕೇಳಿಕೊಳ್ಳುತ್ತೇನೆ. ಮೊದಲ ಅರ್ಧ ಗಂಟೆ ಎಲ್ಲರೂ ಮುಜುಗರ ಪಡುತ್ತಾರೆ. ಹಾಲು ಉಕ್ಕುವ ಹೊತ್ತಿಗೆ, ಮಕ್ಕಳ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ, ನಾನಿರುವುದೇ ಮರೆತುಹೋಗುತ್ತೆ. ನೋಡಬೇಕಾದ್ದೆಲ್ಲ ಆಮೇಲೆಯೇ ಕಾಣುವುದು. ಗ್ರೈಂಡರ್ ಎಲ್ಲಿ ತಿರುಗುತ್ತೆ, ದೋಸೆ ಹಿಟ್ಟಿನ ಪಾತ್ರೆ ಎಲ್ಲಿ ಕೂರುತ್ತೆ, ಒಮ್ಮೆ ಹಾಕಿ ಇನ್ನೂ ಒಗೆಯದ ಬಟ್ಟೆ ಯಾವ ಕುರ್ಚಿ ಮೇಲೆ ಗುಡ್ಡೆ ಬೀಳುತ್ತೆ, ಹೆಲ್ಮೆಟ್ ಎಲ್ಲಿಗೆ ಹೋಗುತ್ತೆ.

ಅಡುಗೆ ಮಾಡುವವರು ಮೊಣಕೈ ಮಡಿಸಿ ನಿಂತಾಗ ನೆಲದಿಂದ ಮೊಣಕೈವರೆಗೆ ಟೇಪ್ ಹಿಡಿಯುತ್ತೇನೆ. ಅದರಲ್ಲಿ ನಾಲ್ಕೈದು ಇಂಚು ಕಳೆದರೆ ತರಕಾರಿ ಹೆಚ್ಚುವ ಕಟ್ಟೆಯ ಎತ್ತರ. ಒಲೆ ಇಡುವ ಭಾಗ ಇನ್ನೂ ಸ್ವಲ್ಪ ತಗ್ಗಬೇಕು. ಒಂದೇ ಮಟ್ಟದ ಗ್ರಾನೈಟ್ ನೋಡಲು ಚೆಂದ, ನಿಜ. ಆದರೆ ದಿನಾ ಭುಜ ಎತ್ತಿಕೊಂಡು ನಿಲ್ಲುವವರು ಅವರು ಅಲ್ವಾ?

ಇನ್ನೊಂದು ರೂಢಿ ಅಂದರೆ, ಮನೆಯ ಒಬ್ಬೊಬ್ಬರ ಜೊತೆಗೂ ಬೇರೆ ಬೇರೆ ಮಾತಾಡುವುದು. ಹಿರಿಯರು ಮಗನ ಎದುರಿಗೆ "ನಮಗೇನು ಬೇಡಪ್ಪ, ಅವರಿಗೆ ಬೇಕಾದ ಹಾಗೆ ಮಾಡಿ" ಅಂತಾರೆ. ಒಬ್ಬ ತಾತ ನನ್ನನ್ನು ಗೇಟಿನವರೆಗೆ ಬಿಡಲು ಬಂದು, ದನಿ ತಗ್ಗಿಸಿ, ರಾತ್ರಿ ಮೂರು ಸಲ ಬಚ್ಚಲಿಗೆ ಏಳ್ತೀನಿ, ದೊಡ್ಡ ಲೈಟ್ ಹಾಕಿದರೆ ಇವಳಿಗೆ ಎಚ್ಚರ ಆಗುತ್ತೆ ಅಂದರು. ಮಂಚದಿಂದ ಬಚ್ಚಲವರೆಗೆ ಗೋಡೆಯ ಬುಡದಲ್ಲಿ, ಕಾಲಿಟ್ಟ ತಕ್ಷಣ ಹತ್ತುವ ಪುಟ್ಟ ದೀಪಗಳನ್ನು ಹಾಕಿಸಿದೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ. ಮಗನಿಗೆ ಈ ವಿಷಯ ಗೊತ್ತೇ ಇರಲಿಲ್ಲ.

ಆ ಮೊದಲಿನ ಮನೆಗೆ ಮತ್ತೆ ಹೋಗಿದ್ದೆ. ಕಟ್ಟೆ ಒಡೆಯುವುದು ಬೇಡ ಅಂದರು. ಹಿತ್ತಿಲ ಬಾಗಿಲ ಪಕ್ಕ, ಅದೇ ಬೆಳಕಿನಲ್ಲಿ, 18 ಇಂಚು ಎತ್ತರದ ಒಂದು ಜಗಲಿ ಕಟ್ಟಿಸಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಅತ್ತೆ ಮೊರ ತಂದು ಪಕ್ಕಕ್ಕಿಟ್ಟು ಕೂತು ನೋಡಿದರು. ಗೋಡೆ ಹಿಡಿಯದೆ ಎದ್ದರು.