ಇಪ್ಪತ್ತೈದು ಎಸೆತದ ಲೆಕ್ಕ

ಈ ಕ್ರಿಕೆಟ್ ಸೀಸನ್‌ನಲ್ಲಿ ಹದಿನಾಲ್ಕು ಇನಿಂಗ್ಸ್ ಆಡಿದೆ, ಹನ್ನೊಂದರಲ್ಲಿ 30 ದಾಟಿದೆ. ಶತಕ ಒಂದೂ ಇಲ್ಲ. ಆದರೂ ನಮ್ಮ ಡಿವಿಷನ್‌ನಲ್ಲಿ ನನ್ನಷ್ಟು ನಂಬಿಕೆಯ ಓಪನರ್ ಇನ್ನೊಬ್ಬನಿಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. "ನೀನು ಹೊಡೆಯೋ ಆಟಗಾರ, ನಿಲ್ಲೋದು ನಿನ್ನ ಕೈಲಾಗಲ್ಲ" ಅಂದವರೇ ಈಗ ನೆಟ್ಸ್‌ನಲ್ಲಿ ಪಕ್ಕಕ್ಕೆ ಬಂದು ಹೇಗೆ ಅಂತ ಕೇಳ್ತಾರೆ.

ಹೋದ ಸೀಸನ್ ಶುರುವಾಗಿದ್ದು 112ರಿಂದ. ಆಮೇಲೆ 4, 0, 9, 2, 17, 0. ಸರಾಸರಿ ಲೆಕ್ಕ ಹಾಕಿದರೆ ಇಪ್ಪತ್ತರ ಮೇಲೇ ಬರುತ್ತೆ, ಆದರೆ ಆ ಆರರಲ್ಲಿ ನಾಲ್ಕು ಪಂದ್ಯ ಸೋತೆವು. ಒನ್‌ಡೌನ್, ಅಂದ್ರೆ ಮೂರನೇ ನಂಬರ್‌ಗೆ ಬರೋ ಹುಡುಗ ಪ್ರತಿ ಸಲ ಎರಡನೇ ಓವರ್‌ಗೇ ಹೊಸ ಬಾಲ್ ಎದುರಿಸಬೇಕಾಗ್ತಿತ್ತು. ನನ್ನ ಒಂದು ದೊಡ್ಡ ಸ್ಕೋರಿನಿಂದ ಅವನಿಗೇನು ಉಪಯೋಗ?

ದುಡ್ಡು ಸುರಿದೆ. 22 ಸಾವಿರದ ಇಂಗ್ಲಿಷ್ ವಿಲೋ ಬ್ಯಾಟ್. ವಾರಾಂತ್ಯದ ಕೋಚಿಂಗ್‌ಗೆ ತಿಂಗಳಿಗೆ ಆರು ಸಾವಿರದಂತೆ ನಾಲ್ಕು ತಿಂಗಳು. ಅಲ್ಲಿ ಸ್ಟಾನ್ಸ್ ಬದಲಾಯಿಸಿದರು, ಗ್ರಿಪ್ ಬದಲಾಯಿಸಿದರು, ಬ್ಯಾಕ್‌ಲಿಫ್ಟ್ ಬದಲಾಯಿಸಿದರು. ಕೊನೆಗೆ ಬಾಲ್ ಬಿಟ್ಟು ನನ್ನ ಕಾಲನ್ನೇ ನೋಡಿಕೊಂಡು ಆಡೋ ಹಾಗಾಯ್ತು.

ಕಣ್ಣು ತೆರೆಸಿದ್ದು ತಂಡದ ಹಳೇ ಸ್ಕೋರ್‌ಬುಕ್. ಎರಡು ಸೀಸನ್‌ನಲ್ಲಿ ನಾನು ಔಟಾಗಿದ್ದು 27 ಸಲವೋ ಏನೋ, ಅದರಲ್ಲಿ 19 ಮೊದಲ ಇಪ್ಪತ್ತೈದು ಎಸೆತದೊಳಗೆ. ಹೆಚ್ಚಿನವು ಸ್ಲಿಪ್, ಗಲ್ಲಿ, ಪಾಯಿಂಟ್ ಕ್ಯಾಚ್. ನಾವು ಆಡೋ ಮ್ಯಾಟ್ ಹಾಸಿದ ಪಿಚ್ ಮೇಲೆ ಬಾಲ್ ಹಿಡಿದು ಎದ್ದು ಬರುತ್ತೆ. ನಾನು ಅಲ್ಲೇ ಕವರ್ ಡ್ರೈವ್‌ಗೆ, ಅಂದ್ರೆ ಆಫ್ ಸ್ಟಂಪ್ ಆಚೆಯ ಬಾಲನ್ನ ಮುಂದಕ್ಕೆ ಹೊಡೆಯೋಕೆ, ಕೈ ಚಾಚ್ತಿದ್ದೆ.

ಅಲ್ಲಿಂದ ಒಂದೇ ನಿಯಮ: ಮೊದಲ ಇಪ್ಪತ್ತೈದು ಎಸೆತ ಕವರ್ ಡ್ರೈವ್ ಇಲ್ಲ. ಹೊಡೆಯೋಕೆ ಸುಲಭವಾಗಿ ಕಾಲ ಹತ್ತಿರವೇ ಬೀಳೋ ಹಾಫ್ ವಾಲಿ ಬಂದರೂ ಇಲ್ಲ. ಮೊದಲ ಮೂರು ಫ್ರೆಂಡ್ಲಿ ಮ್ಯಾಚ್‌ನಲ್ಲಿ ಇದು ಕೈಕೊಟ್ಟಿತು. 31 ಎಸೆತಕ್ಕೆ 6 ಹೊಡೆದು ರನೌಟ್ ಆದ ದಿನ ಕ್ಯಾಪ್ಟನ್ ನನ್ನನ್ನ ಆರನೇ ನಂಬರ್‌ಗೆ ತಳ್ಳಿದ. ಇನ್ನೆರಡು ಪಂದ್ಯ ಓಪನಿಂಗ್ ಕೊಡು ಅಂತ ಗೋಗರೆದು ವಾಪಸ್ ತಗೊಂಡೆ.

ಅಭ್ಯಾಸಕ್ಕೆ ಹಳೇ ಮ್ಯಾಟ್ ತುಂಡು, 1,200 ರೂಪಾಯಿ. ಸೈಡ್‌ಆರ್ಮ್ (ಬಾಲ್ ಎಸೆಯೋ ಉದ್ದ ಹಿಡಿಯ ಸಾಧನ) ಹಿಡಿದು ಎಸೆಯೋ ಹುಡುಗನಿಗೆ ಗಂಟೆಗೆ ಮುನ್ನೂರು. ಬೆಳಿಗ್ಗೆ ಆರಕ್ಕೆ, ಆಫ್ ಸ್ಟಂಪ್‌ಗೆ ಬಿಳಿ ಪೇಂಟ್ ಬಳಿದು, ಅರವತ್ತು ಬಾಲ್ ಬರೀ ಬಿಡೋದು. ಬ್ಯಾಟ್ ಎತ್ತಿ, ಬಾಲ್ ಹಿಂದಿನ ಬಲೆಗೆ ತಪ್ ಅಂತ ಬೀಳೋವರೆಗೂ ತಲೆ ಅಲ್ಲಾಡಿಸದೆ ನಿಲ್ಲೋದು. ಮೂರನೇ ವಾರದಲ್ಲಿ ಆಫ್ ಸ್ಟಂಪ್ ಎಲ್ಲಿದೆ ಅಂತ ನೋಡದೆಯೇ ಗೊತ್ತಾಗತೊಡಗಿತು. ಎರಡು ಎಸೆತದ ನಡುವೆ ಎಡಗೈ ಗ್ಲೌಸ್‌ನಿಂದ ಏನು ಮಾಡ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಎದುರು ತಂಡದವರೂ ಓದ್ತಾರೆ.

ನಡುವೆ ಆಸ್ಟ್ರೇಲಿಯಾದ ಬ್ರಾಡ್‌ಮನ್ ಚಿಕ್ಕಂದಿನಲ್ಲಿ ಮಾಡಿದಂತೆ ಗಾಲ್ಫ್ ಬಾಲ್, ಒಂದು ಸ್ಟಂಪ್ ಹಿಡಿದು ಮನೆ ಹಿಂದಿನ ಗೋಡೆಗೆ ತಿಂಗಳು ಹೊಡೆದೆ. ಕೈ ಚುರುಕಾಯ್ತು, ಆದರೆ ಬಂದಿದ್ದನ್ನೆಲ್ಲ ಹೊಡೆಯೋ ಚಾಳಿ ಮತ್ತೆ ಹತ್ತಿತು. ನಿಲ್ಲಿಸಿದೆ.

ರನ್ ಎಣಿಸೋದನ್ನೂ ಬಿಟ್ಟೆ, ಇನಿಂಗ್ಸ್‌ಗೆ ಎಷ್ಟು ಎಸೆತ ಆಡಿದೆ ಅಂತ ಎಣಿಸ್ತೀನಿ. ದ್ರಾವಿಡ್ ಟೆಸ್ಟ್‌ನಲ್ಲಿ 286 ಇನಿಂಗ್ಸ್‌ಗೆ 31,258 ಎಸೆತ ಆಡಿದ್ದಾರೆ, ಒಂದಕ್ಕೆ ಹತ್ತಿರಹತ್ತಿರ 109. ನಂದು ಈಗ ಐವತ್ತೈದರ ಆಸುಪಾಸು, ಮೊದಲು ಹದಿನೆಂಟೂ ಇರಲಿಲ್ಲ.

ಕೆಟ್ಟ ಮೂರು ಇನಿಂಗ್ಸ್‌ನಲ್ಲಿ ಎರಡು, ಎಡಗೈ ಸ್ಪಿನ್ನರ್ ಹೊಸ ಬಾಲ್ ತಗೊಂಡಾಗ ಆಗಿದ್ದು. ಅಲ್ಲಿ ಈ ಲೆಕ್ಕ ನಡೆಯಲ್ಲ. ಅದಕ್ಕೆ ಸ್ವೀಪ್ (ಮಂಡಿಯೂರಿ ಬ್ಯಾಟ್ ಅಡ್ಡ ಬೀಸಿ ಹೊಡೆಯೋದು) ಶುರು ಮಾಡಿದ್ದೀನಿ, ಭಾನುವಾರದ ಪಂದ್ಯದಲ್ಲಿ ಮೊದಲ ಸಲ ಆಡ್ತೀನಿ.