ದೊಡ್ಡ ಕಾಲೇಜಿನ ಹೆಸರಿಲ್ಲದೆ ಕನ್ಸಲ್ಟಿಂಗ್ ಕೆಲಸಕ್ಕೆ ಸೇರುವುದು ಹೇಗೆ?

ಮೆಕಿನ್ಸಿ, ಬಿಸಿಜಿ, ಬೇನ್‌ನಂತಹ ಕನ್ಸಲ್ಟಿಂಗ್ ಸಂಸ್ಥೆಗಳು, ಅಂದರೆ ಕಂಪನಿಗಳ ಸಮಸ್ಯೆಗಳಿಗೆ ಪರಿಹಾರ ಸೂಚಿಸುವ ಸಲಹಾ ಸಂಸ್ಥೆಗಳು, ಹೊಸಬರನ್ನು ಹೆಚ್ಚಾಗಿ ಐಐಎಂ, ಐಐಟಿಗಳ ಕ್ಯಾಂಪಸ್‌ಗಳಿಂದಲೇ ಆರಿಸಿಕೊಳ್ಳುತ್ತವೆ. ಬೆಳಗಾವಿಯಲ್ಲಿ ಓದಿ ವಿಟಿಯು ಅಥವಾ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪದವಿ ಪಡೆದವರು ಆ ಬಾಗಿಲಲ್ಲೇ ಕಾಯುತ್ತ ಕೂರಬಾರದು. ಗೋಜಲಾದ ಸಮಸ್ಯೆಯನ್ನು ಈ ಅಭ್ಯರ್ಥಿ ಬಿಡಿಸಬಲ್ಲ ಎಂಬ ಭರವಸೆ ಹುಟ್ಟಿಸುವುದಷ್ಟೇ ಅಲ್ಲಿ ಕಾಲೇಜಿನ ಹೆಸರು ಮಾಡುವ ಕೆಲಸ. ಆ ಭರವಸೆಯನ್ನು ನೀವು ನಿಜವಾಗಿ ಬಿಡಿಸಿದ ಒಂದು ಸಮಸ್ಯೆಯಿಂದಲೂ ಹುಟ್ಟಿಸಬಹುದು.

ಅದಕ್ಕೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಅಲ್ಲಿನ ಒಂದು ಸಣ್ಣ ಫೌಂಡ್ರಿ (ಲೋಹ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕಾರ್ಖಾನೆ) ದಿನಕ್ಕೆ 10 ಟನ್ ಎರಕ ಹೊಯ್ಯುತ್ತದೆ, ಅದರಲ್ಲಿ ಶೇ 8ರಷ್ಟು ತಿರಸ್ಕೃತವಾಗುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 800 ಕೆಜಿ ಆಯಿತು. ತಿರಸ್ಕೃತ ಎರಕವನ್ನು ಮತ್ತೆ ಕುಲುಮೆಗೆ ಹಾಕಬಹುದಾದ್ದರಿಂದ ಮಾಲೀಕರಿಗೆ ಈ ನಷ್ಟ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಆದರೆ ವಿದ್ಯುತ್ತು, ಕೂಲಿ, ಅಚ್ಚು ಕಟ್ಟಿದ ಶ್ರಮ ಎಲ್ಲವೂ ಹೋಗಿರುತ್ತದೆ. ಅನುಮತಿ ಪಡೆದು ಒಂದು ತಿಂಗಳ ದಾಖಲೆ ಬರೆದಿಡಿ: ದೋಷ ಗಾಳಿಗುಳ್ಳೆಯೋ, ಮರಳು ಸೇರಿದ್ದೋ, ಯಾವ ಪಾಳಿಯದು, ಮರಳಿನ ತೇವಾಂಶ ಎಷ್ಟಿತ್ತು, ಲೋಹ ಹೊಯ್ದಾಗ ಉಷ್ಣಾಂಶ ಎಷ್ಟಿತ್ತು. ಬಹುಪಾಲು ನಷ್ಟಕ್ಕೆ ಸಾಮಾನ್ಯವಾಗಿ ಎರಡು ಮೂರು ಕಾರಣಗಳೇ ಮೂಲವಾಗಿರುತ್ತವೆ. ಅವನ್ನು ರೂಪಾಯಿ ಲೆಕ್ಕದಲ್ಲಿ, ಒಂದೇ ಪುಟದಲ್ಲಿ, ಮೊದಲು ಏನು ಸರಿಪಡಿಸಬೇಕೆಂಬ ಸಲಹೆಯೊಂದಿಗೆ ಮಾಲೀಕರ ಮುಂದಿಡಿ. ರೆಸ್ಯೂಮೆಯಲ್ಲಿ ಕಾರ್ಖಾನೆಯ ಹೆಸರು ಬರೆಯಬೇಡಿ. ಗೌಪ್ಯತೆ ಕಾಯುವುದೂ ಈ ವೃತ್ತಿಯ ಪಾಠವೇ.

ಎರಡನೆಯ ತಯಾರಿ ಕೇಸ್ ಸಂದರ್ಶನದ್ದು, ಅಂದರೆ ಒಂದು ವ್ಯವಹಾರದ ಸಮಸ್ಯೆ ಕೊಟ್ಟು ಅಲ್ಲೇ ಬಿಡಿಸಲು ಹೇಳುವ ಸಂದರ್ಶನದ್ದು. ಬೆಳಗಾವಿ ನಗರದಲ್ಲಿ ಅಲ್ಲಿನ ಹೆಸರಾಂತ ಸಿಹಿಯಾದ ಕುಂದಾ ತಿಂಗಳಿಗೆ ಎಷ್ಟು ಮಾರಾಟವಾಗುತ್ತದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 4.9 ಲಕ್ಷ, ಕುಟುಂಬಕ್ಕೆ ನಾಲ್ಕೂವರೆ ಜನರೆಂದರೆ ಸುಮಾರು 1.1 ಲಕ್ಷ ಕುಟುಂಬಗಳು. ಹತ್ತರಲ್ಲಿ ಒಂದು ಕುಟುಂಬ ತಿಂಗಳಿಗೆ ಅರ್ಧ ಕಿಲೋ ಕೊಂಡರೆ 5,500 ಕೆಜಿ. ಇನ್ನು ಊರಿಗೆ ಬಂದು ಹೋಗುವವರು ಕಟ್ಟಿಸಿಕೊಂಡು ಒಯ್ಯುವುದನ್ನು ಬೇರೆಯಾಗಿ ಕೂಡಿಸಬೇಕು. ಸಂದರ್ಶಕರು ನೋಡುವುದು ಉತ್ತರದ ಅಂಕಿಗಿಂತ ಹೆಚ್ಚಾಗಿ ಊಹೆಗಳನ್ನು ಬಿಡಿಸಿ ಹೇಳುವ ಕ್ರಮವನ್ನು. ಕನ್ನಡದಲ್ಲಿ ಯೋಚಿಸಿ ಲೆಕ್ಕ ಸ್ಪಷ್ಟ ಮಾಡಿಕೊಂಡು, ಅದನ್ನೇ ಇಂಗ್ಲಿಷಿನಲ್ಲಿ ಗೆಳೆಯರೊಬ್ಬರ ಎದುರು ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಿ. ನಮ್ಮ ಕಡೆಯ ಜಾಣ ಹುಡುಗರು, ಹುಡುಗಿಯರು ಎಡವುವುದು ಲೆಕ್ಕದಲ್ಲಲ್ಲ, ಬಾಯಿ ಬಿಟ್ಟು ಹೇಳುವುದರಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲ ಕೆಲಸಕ್ಕೆ ಬೆಂಗಳೂರಿನ ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯೂಸಿ ಕಚೇರಿಗಳ ವಿಶ್ಲೇಷಕ ಹುದ್ದೆಗಳನ್ನು, ಸಣ್ಣ ಸಲಹಾ ಸಂಸ್ಥೆಗಳನ್ನು ಗುರಿಯಾಗಿಸಿಕೊಳ್ಳಿ. ವಾಣಿಜ್ಯ ಓದಿದವರಿಗೆ ಸಿಎ ಇನ್ನೊಂದು ದಾರಿ. ಆ ಪರೀಕ್ಷೆ ಎಲ್ಲರಿಗೂ ಒಂದೇ. ಎರಡು ಮೂರು ವರ್ಷ ಒಂದು ಉದ್ಯಮವನ್ನು ಆಳವಾಗಿ ಬಲ್ಲವರಾದ ಮೇಲೆ ಮೆಕಿನ್ಸಿಯಂತಹ ಸಂಸ್ಥೆಗಳಿಗೂ ಅನುಭವಿಗಳಾಗಿ ಅರ್ಜಿ ಹಾಕಬಹುದು.

ಅರ್ಜಿಯೊಂದನ್ನೇ ನೆಚ್ಚಿಕೊಳ್ಳಬೇಡಿ, ಸಂಸ್ಥೆಯೊಳಗಿನವರೊಬ್ಬರು ನಿಮ್ಮ ಹೆಸರು ಸೂಚಿಸುವ ರೆಫರಲ್‌ಗೂ ಪ್ರಯತ್ನಿಸಿ. ನಿಮ್ಮದೇ ಕಾಲೇಜಿನಿಂದ ಆ ಕ್ಷೇತ್ರಕ್ಕೆ ಹೋದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಕೆಲಸ ಕೊಡಿಸಿ ಎಂದು ಕೇಳದೆ, ನಿಮ್ಮ ಒಂದು ಪುಟದ ವರದಿಯ ಮುಖ್ಯ ಅಂಶವನ್ನು ನಾಲ್ಕು ಸಾಲಿನಲ್ಲಿ ಬರೆದು, ಅದರಲ್ಲಿರುವ ಕೊರತೆ ಏನೆಂದು ಕೇಳಿ. ಅವರು ಹೇಳಿದಂತೆ ತಿದ್ದಿದ ಪುಟವನ್ನು ಮತ್ತೆ ಅವರಿಗೇ ಕಳುಹಿಸಿ, ರೆಫರಲ್ ಕೇಳುವುದಿದ್ದರೆ ಆಗ ಕೇಳಿ.